ಬೇಲಿಯಾಚೆಯ ಮಾರಾಯ್ತಿ

ಆ ಬೇಲಿಗಿಡದ ಹೆಸರು ಡುರಾಂಟಾ. ಆದರೆ ನರ್ಸರಿಯವನಿಂದ ಹಿಡಿದು ನಮ್ಮ ಸೂಪರ್‌ವೈಸರ್‌ವರೆಗೆ ಎಲ್ಲರ ಬಾಯಲ್ಲೂ ಅದು ದುರಂತವೇ. 'ದುರಂತಕ್ಕೆ ನೀರು ಬಿಟ್ಯಾ?', 'ಆ ಮೂಲೇಲಿ ದುರಂತ ಜಾಸ್ತಿ ಆಗಿದೆ, ಸ್ವಲ್ಪ ಕಡಿಮೆ ಮಾಡು' ಅಂತೆಲ್ಲ ದಿನಾ ಮಾತಾಡಿಕೊಳ್ಳುತ್ತಿದ್ದೆವು. ಆಫೀಸಿಗೆ ಹೊಸದಾಗಿ ಬಂದಿದ್ದ ಒಬ್ಬರು ಮೇಡಂ, 'ಹಿಂದುಗಡೆ ದುರಂತ ಒಣಗಿ ನಿಂತಿದೆ' ಅಂತ ನಾನು ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡು, ಏನಾಯ್ತಪ್ಪಾ ಅಂತ ಕಿಟಕಿಗೆ ಓಡಿಬಂದಿದ್ದರು. ಗಿಡ ಮೇಡಂ, ಗಿಡ ಅಂದೆ. ಅವರಿಗೆ ನಗು ಬರಲಿಲ್ಲ. ನನಗೆ ಬಂದಿತ್ತು, ಆದರೆ ಜೊತೆಗೆ ನಗುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಹನ್ನೊಂದು ಗಂಟೆಗೆ ಬೇಲಿಯ ಆಚೆ ಬರುವವಳಿಗೆ ಹೇಳೋಣ ಅಂತ ಇಟ್ಟುಕೊಂಡೆ.

ನಾನು ಶಿವಮೊಗ್ಗದ ಹೊರವಲಯದ ಒಂದು ದೊಡ್ಡ ಆಫೀಸಿನ ಕಾಂಪೌಂಡಿನಲ್ಲಿ ತೋಟದ ಕೆಲಸಕ್ಕಿದ್ದೇನೆ. ನಮ್ಮ ಜಿಲ್ಲೆಯಲ್ಲಿ ತೋಟ ಅಂದ ಕೂಡಲೇ ಜನ ಎಷ್ಟು ಎಕರೆ, ಅಡಿಕೆ ಎಷ್ಟು ಕ್ವಿಂಟಾಲ್ ಅಂತ ಕೇಳುತ್ತಾರೆ. ಇದು ಯಾರೂ ತಿನ್ನದ, ಯಾರೂ ಮಾರದ ತೋಟ. ಹುಲ್ಲಿಗೆ ನೀರು ಹಾಕಿ ಬೆಳೆಸಬೇಕು, ಬೆಳೆದ ಕೂಡಲೇ ಮಿಷನ್ ಓಡಿಸಿ ಕತ್ತರಿಸಬೇಕು. ಕಳೆ ಕೀಳಬೇಕು, ಒಣಗಿದ ಎಲೆ ಗುಡಿಸಬೇಕು, ಬೇಲಿಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಬೇಕು. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಚೆನ್ನಾಗಿ ಮಾಡಿದರೆ ಯಾರೂ ನೋಡುವುದಿಲ್ಲ, ಮಾಡದಿದ್ದರೆ ಮಾತ್ರ ಎಲ್ಲರಿಗೂ ಕಣ್ಣು ಬರುತ್ತದೆ.

ಅಲ್ಲಿ ನಮಗ್ಯಾರಿಗೂ ಹೆಸರಿಲ್ಲ. ಕೆಲಸದ ಹೆಸರೇ ನಮ್ಮ ಹೆಸರು. ಗೇಟಿನಲ್ಲಿ ಕೂತವನು ಸೆಕ್ಯುರಿಟಿ, ನೆಲ ಒರೆಸುವವಳು ಕ್ಲೀನಿಂಗ್, ನಾವು ಮೂರು ಜನ ಗಾರ್ಡನ್. 'ಗಾರ್ಡನ್ ಬಂದ್ನಾ?', 'ಏ ಗಾರ್ಡನ್, ಆ ಕುಂಡ ಈ ಕಡೆ ಇಡು.' ಕೆಲಸ ಹಂಚಿಕೊಟ್ಟಿರುವುದು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ, ಹಾಗಾಗಿ ಉಳಿದಿಬ್ಬರು ಗಾರ್ಡನ್‌ಗಳನ್ನು ನಾನು ನೋಡುತ್ತಿದ್ದದ್ದು ಬೆಳಿಗ್ಗೆ, ಸಂಜೆ ಮಾತ್ರ. ಗೇಟಿನಲ್ಲಿ ಹಾಜರಿಗೆ ಮೊಬೈಲು ಹಿಡಿಯುತ್ತಾರೆ, ಅದು ಮುಖ ನೋಡಿ ಸರಿ ಅನ್ನುತ್ತದೆ. ದಿನದಲ್ಲಿ ನನ್ನ ಮುಖವನ್ನು ನೆಟ್ಟಗೆ ನೋಡುವುದು ಅದೊಂದೇ ಅಂತ ನಾನು ತಮಾಷೆ ಮಾಡುತ್ತಿದ್ದೆ. ಅದನ್ನೂ ಬೇಲಿಯ ಆಚೆಯವಳಿಗೇ.

ಇರುವುದು ಭದ್ರಾವತಿಯಲ್ಲಿ, ಒಂದು ಕೋಣೆಯ ಮನೆ. ಮದುವೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಕಥೆ ಏನೂ ಇಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಾ ವರ್ಷ ಹೋಯಿತು, ಅಮ್ಮ ಹೋದ ಮೇಲೆ ಕೇಳುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ತಮಿಳು ಅಮ್ಮ ನಾನು ಬೀಗ ತೆಗೆಯುವಾಗ 'ಸಾಪಾಡು ಆಚ್ಚಾ?', ಊಟ ಆಯ್ತಾ ಅಂತ ಕೇಳುತ್ತಾರೆ. ಅಡಿಗೆಯೇ ಮಾಡಿರುವುದಿಲ್ಲ, ಆದರೂ 'ಆಯ್ತಮ್ಮಾ' ಅಂತೀನಿ. ಮನೆಯ ಕಡೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಬಾಗಿಲು ಹಾಕಿಕೊಂಡರೆ ಮತ್ತೆ ನನ್ನ ದನಿ ನನಗೆ ಕೇಳಿಸುವುದು ಮರುದಿನ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ದಿನಕ್ಕೆ ಅರ್ಧ ಗಂಟೆ ಬೇಲಿಯ ಹತ್ತಿರ ನಡೆಯುತ್ತಿದ್ದ ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಅಂತ ಗೊತ್ತಾಗಲಿ ಅಂತ. ಅದು ಬಿಟ್ಟರೆ ನನಗೆ ಮಾತೇ ಇರಲಿಲ್ಲ.

ಬೇಲಿಯ ಆಚೆ ಇದ್ದದ್ದು ಒಂದು ಕಲ್ಯಾಣ ಮಂಟಪ. ಅವರ ಗೇಟು ಆ ರಸ್ತೆಗೆ, ನಮ್ಮದು ಈ ರಸ್ತೆಗೆ. ನಡುವೆ ನನ್ನ ತಲೆಗಿಂತ ಒಂದು ಗೇಣು ಎತ್ತರದ ದುರಂತದ ಬೇಲಿ, ಎರಡು ಮೊಳ ದಪ್ಪ. ನಾಲ್ಕು ವರ್ಷದ ಹಿಂದೆ, ಮಳೆ ಬಿಟ್ಟ ಒಂದು ಬೆಳಿಗ್ಗೆ, ನಾನು ಸ್ಟೂಲಿನ ಮೇಲೆ ನಿಂತು ಬೇಲಿಯ ಮೇಲ್ಭಾಗ ಕತ್ತರಿಸುತ್ತಿದ್ದೆ. ಆ ಕಡೆಯಿಂದ ಒಂದು ಹೆಣ್ಣು ದನಿ ಬಂತು.

'ಏನ್ರೀ ಇದು! ನಾನು ಈಗಷ್ಟೇ ಗುಡಿಸಿ ಹೋಗಿದೀನಿ, ನೀವು ಆ ಕಡೆಯಿಂದ ಕಸ ಸುರೀತೀರಲ್ಲ ಮಾರಾಯ್ರೇ!'

'ಕತ್ತರಿಸಿದ್ರೆ ಎರಡು ಕಡೆನೂ ಬೀಳುತ್ತೆ,' ಅಂದೆ. 'ನನ್ನೇನು ಕೇಳ್ತೀರಿ, ಗಾಳಿಗೆ ಹೇಳಿ.'

'ಗಾಳಿ ಹತ್ರ ಜಗಳ ಆಡೋಕೆ ನಂಗೆ ಹುಚ್ಚು ಹಿಡಿದಿಲ್ಲ. ನಿಮ್ಮ ಕಡೆ ಮೈ ನೀವು ಕತ್ತರಿಸ್ತೀರಿ, ನಮ್ಮ ಕಡೆ ಮೈ ನಾವು ಕತ್ತರಿಸ್ತೀವಿ. ತಲೆ ಯಾರ್ದು? ಅದು ಹೇಳಿ ಮೊದ್ಲು.'

ನ್ಯಾಯವಾದ ಪ್ರಶ್ನೆಯೇ. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಸೂಪರ್‌ವೈಸರನ್ನು ಕೇಳಿದೆ, ಅವನು ತಲೆ ಕೆರೆದುಕೊಂಡು ಹೋದ. ಕೊನೆಗೆ ನಾವೇ ಬೇಲಿಯ ಎರಡು ಕಡೆ ನಿಂತು ಪಂಚಾಯ್ತಿ ಮಾಡಿದೆವು. ತಲೆ ಒಂದು ತಿಂಗಳು ನನ್ನದು, ಒಂದು ತಿಂಗಳು ಅವಳದು. ಒಬ್ಬರು ಮೇಲೆ ಹತ್ತಿದ ದಿನ ಇನ್ನೊಬ್ಬರು ಕೆಳಗೆ ಹಳೇ ಫ್ಲೆಕ್ಸ್ ಹಾಸಬೇಕು. ಅಲ್ಲಿಂದ ಶುರುವಾಯಿತು. ಹನ್ನೊಂದು ಗಂಟೆಗೆ ನಮ್ಮ ಕಡೆ ಟೀ ಬಿಡುವು. ಅವಳ ಕಡೆ ಯಾವ ಬಿಡುವೂ ಇರಲಿಲ್ಲ, ಆದರೆ ಹನ್ನೊಂದಕ್ಕೆ ಸರಿಯಾಗಿ ಬೇಲಿಯ ಹತ್ತಿರ ಅವಳಿಗೆ ಏನಾದರೂ ಕೆಲಸ ಬಂದುಬಿಡುತ್ತಿತ್ತು.

ಅವಳ ಮಾತೆಲ್ಲ ಮದುವೆಯ ಮಾತು. ಇವತ್ತಿನ ಗಂಡು ಎಷ್ಟು ಕುಳ್ಳ, ಹುಡುಗಿಯ ಅತ್ತೆ ಹೇಗೆ ಮುಖ ಗಂಟು ಹಾಕಿಕೊಂಡು ಕೂತಿದ್ದಾಳೆ, ಫೋಟೋದವನು ಹುಲ್ಲಿನ ಮೇಲೆ ಅವರನ್ನು ಓಡಿಸಿ ಓಡಿಸಿ ಹೇಗೆ ಹಾಳು ಮಾಡಿದ. 'ನಾನು ನೀರು ಹಾಕಿ ಬೆಳೆಸಿದ ಹುಲ್ಲು ಮಾರಾಯ್ರೇ, ಅದರ ಮೇಲೆ ಬಿದ್ದು ಹೊರಳಾಡ್ತಾರೆ. ಪ್ರೀತಿ ಬಂದ್ರೆ ಮನೇಲಿ ಹೊರಳಾಡ್ಬಾರ್ದಾ?' ನಾನು ನಗು ತಡೆಯಲಾಗದೆ ಸ್ಟೂಲಿನಿಂದ ಇಳಿದು ಕೂತುಬಿಡುತ್ತಿದ್ದೆ. ಮನೆಯ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯ ಕಡೆಯಿಂದ ಬರುತ್ತಾಳೆ ಅನ್ನುವುದೊಂದು ಗೊತ್ತಿತ್ತು. ಹೇಳಿಕೊಳ್ಳುವಂಥದ್ದು ಅವಳಿಗೂ ಹೆಚ್ಚೇನೂ ಇರಲಿಲ್ಲ ಅಂತ ಕಾಣುತ್ತದೆ.

ನನ್ನ ಕತ್ತರಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಂಡರೆ ಅಂದೆ, ಕೇಳಿದರೆ ಅನ್ನಬೇಕು. ಬೇಲಿ ಕತ್ತರಿಸುವ ಉದ್ದನೆಯ ಕತ್ತರಿ, ಬಾಯಿ ಮೊಂಡಾಗಿತ್ತು, ಒಂದೊಂದು ಸಲ ಮುಚ್ಚುವಾಗಲೂ ಕಿರ್ರೋ ಅಂತ ಅರಚುತ್ತಿತ್ತು.

'ಅದು ಕಡೀತದೋ ಅಗೀತದೋ? ಸಾಣೆ ಹಿಡಿಸ್ಬಾರ್ದಾ?'

'ಹಿಡಿಸ್ತೀನಿ, ಗಾಂಧಿ ಬಜಾರಿಗೆ ಹೋದಾಗ.'

ಗಾಂಧಿ ಬಜಾರಿಗೆ ಎಷ್ಟೋ ಸಲ ಹೋದೆ. ಕತ್ತರಿಯನ್ನು ಒಯ್ಯಲಿಲ್ಲ. ಮೊದಲು ಸೋಮಾರಿತನ, ಆಮೇಲೆ ಬೇಕೆಂದೇ ಬಿಟ್ಟೆ. ಆ ಕರ್ಕಶ ಸದ್ದು ಕೇಳಿದರೆ ಮಂಟಪದ ಯಾವ ಮೂಲೆಯಲ್ಲಿದ್ದರೂ ನಾನು ಬಂದದ್ದು ಅವಳಿಗೆ ಗೊತ್ತಾಗುತ್ತಿತ್ತು. ಐವತ್ತು ದಾಟಿದ ಗಂಡಸು, ಒಬ್ಬ ಹೆಂಗಸನ್ನು ಕೂಗಿ ಕರೆಯುವ ಹಾಗಿಲ್ಲ. ನನ್ನ ಪರವಾಗಿ ಕತ್ತರಿಯೇ ಕೂಗುತ್ತಿತ್ತು.

ಮೊದಲ ವರ್ಷವೆಲ್ಲ ಅವಳಿಗೆ ನಾನು ಮಾರಾಯ್ರೇ, ನನಗೆ ಅವಳೂ ಮಾರಾಯ್ರೇ. ನೀವು, ತಾವು, ಎಲ್ಲ ಮರ್ಯಾದೆ. ಅದು ಮುರಿದದ್ದು ಕಣಜದ ಹುಳುವಿನ ದೆಸೆಯಿಂದ. ನಾನು ಬೇಲಿಯೊಳಗೆ ಕೈ ಹಾಕಿ ಒಣಕಡ್ಡಿ ಎಳೆಯುತ್ತಿದ್ದೆ. ಆ ಕಡೆಯಿಂದ ಅವಳಿಗೆ ಗೂಡು ಕಂಡಿದೆ.

'ಏ ಮಾರಾಯಾ, ಕೈ ತೆಗಿ! ಕಣಜ!'

ತೆಗೆಯುವಷ್ಟರಲ್ಲಿ ಹೆಬ್ಬೆರಳಿಗೆ ಕಚ್ಚಿತು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಬೇಲಿಯ ಬುಡದಲ್ಲಿ ನಾಯಿಗಳು ಓಡಾಡಿ ಮಾಡಿದ ಒಂದು ಕಿಂಡಿ ಇತ್ತು. ಅದರಲ್ಲಿ ಒಂದು ಕೈ ಬಂತು. ವೀಳ್ಯದೆಲೆಯ ತುಂಡಿನ ಮೇಲೆ ಸುಣ್ಣ. 'ಹಚ್ಕೋ. ಉಜ್ಜಬೇಡ, ಸುಮ್ನೆ ಹಚ್ಚು.' ಹಸಿರು ಗಾಜಿನ ಎರಡು ಬಳೆ, ಗಿಡದ ರಸಕ್ಕೆ ಕಪ್ಪಾದ ಬೆರಳುಗಳು, ತರಚು ಗಾಯಗಳು. ನಾನು ಎಲೆ ತೆಗೆದುಕೊಂಡೆ, ಕೈ ಹಿಂದೆ ಹೋಯಿತು. ಹಚ್ಚಿಕೊಂಡು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ನೋವು ಯಾವಾಗಲೋ ಇಳಿದಿತ್ತು. ಆವತ್ತಿನಿಂದ ನಾನು ಮಾರಾಯ, ಅವಳು ಮಾರಾಯ್ತಿ. ನೀವು ಅನ್ನುವುದು ಹೋಗಿ ನೀನು ಬಂತು.

ಆಮೇಲೆ ಆ ಕಿಂಡಿಯಲ್ಲಿ ಚಿರೋಟಿ ಬಂತು, ಪೇಪರಿನಲ್ಲಿ ಸುತ್ತಿದ ಹೋಳಿಗೆ ಬಂತು. ನಮ್ಮ ಆಫೀಸಿನ ಹಿಂದಿನ ಸೀಬೆಮರದ ಹಣ್ಣು ಆ ಕಡೆ ಹೋಯಿತು. ನಾನು ನೋಡಿದ್ದು ಆ ಕೈಯನ್ನು ಮಾತ್ರ. ಸ್ಟೂಲು ಹತ್ತಿದ ದಿನ ಮೇಲಿನಿಂದ ಮುಖ ನೋಡಬಹುದಿತ್ತು. ಆದರೆ ಆ ದಿನ ಅವಳು ತಲೆಗೆ ಟವೆಲ್ಲು ಸುತ್ತಿ, ಮೂಗು ಬಾಯಿ ಮುಚ್ಚಿ, ಅದರ ಮೇಲೊಂದು ಹಳೇ ಹ್ಯಾಟು ಇಟ್ಟುಕೊಂಡು ಫ್ಲೆಕ್ಸ್ ಹಾಸುತ್ತಿದ್ದಳು. ಅವಳೇನಾದರೂ ತಲೆ ಎತ್ತಿದರೆ ನಾನೇ ಬೇರೆ ಕಡೆ ನೋಡುತ್ತಿದ್ದೆ. ಅವಳು ಮೇಲೆ ಹತ್ತಿದ ದಿನ ನಾನು ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ನಾಚಿಕೆ. ನೋಡಿದರೆ ಮಾತು ನಿಂತುಹೋಗುತ್ತದೇನೋ ಅಂತ ಹೆದರಿಕೆ ಕೂಡ.

ಹೆಸರನ್ನೂ ಕೇಳಲಿಲ್ಲ. ಮೊದಲ ದಿನ ಕೇಳಬೇಕಾಗಿತ್ತು, ಆದರೆ ಜಗಳದ ದಿನ ಯಾರು ಹೆಸರು ಕೇಳುತ್ತಾರೆ? ಎರಡು ವರ್ಷ ಮಾತಾಡಿದ ಮೇಲೆ, ಹೋಳಿಗೆ ತಿಂದ ಮೇಲೆ, 'ಅಂದಹಾಗೆ ನಿನ್ನ ಹೆಸರೇನು' ಅಂತ ಕೇಳುವುದು ಹೇಗೆ? ಇಷ್ಟು ದಿನ ಹೆಸರು ಗೊತ್ತಿಲ್ಲದೆಯೇ ಮಾತಾಡಿದ್ದಾ ಅಂತ ಅವಳು ಬೇಜಾರು ಮಾಡಿಕೊಂಡರೆ? ಅವಳೂ ಕೇಳಲಿಲ್ಲ. ನಮ್ಮ ಶಿವಮೊಗ್ಗದ ಕಡೆ ಇದೊಂದು ಅನುಕೂಲ ಇದೆ: ಮಾರಾಯ, ಮಾರಾಯ್ತಿ ಅಂತ ಎರಡು ಮಾತಿದ್ದರೆ ಹೆಸರು ಬೇಕಾಗುವುದೇ ಇಲ್ಲ. ಬಸ್ಸಿನ ಕಂಡಕ್ಟರ್, ತರಕಾರಿಯವಳು, ಜಗಳ ಆಡಿದವನು, ಪ್ರೀತಿಸಿದವಳು ಎಲ್ಲರಿಗೂ ಅದೇ ಸಾಕು. ನನಗೂ ಸಾಕು ಅನ್ನಿಸಿತ್ತು. ಫೋನ್ ನಂಬರೂ ತೆಗೆದುಕೊಳ್ಳಲಿಲ್ಲ. ಎರಡು ಮೊಳ ದೂರದಲ್ಲಿ ಇರುವವಳಿಗೆ ಫೋನ್ ಎಂತಕ್ಕೆ?

ಈ ವರ್ಷ ಬೇಸಿಗೆಗೆ ಮುಂಚೆ ಸೂಪರ್‌ವೈಸರ್ ಬಂದು, 'ಆ ದುರಂತಕ್ಕೆ ಇನ್ನು ಕತ್ತರಿ ಹಾಕ್ಬೇಡ' ಅಂದ. 'ತೆಗೆಸ್ತಾರೆ. ಆ ಕಡೆಯವ್ರೂ ಈ ಕಡೆಯವ್ರೂ ಸೇರಿ ಗೋಡೆ ಕಟ್ಟಿಸ್ತಿದಾರೆ.' ಮಂಟಪದ ವಾಲಗ, ಡಿಜೆ ಎಲ್ಲ ಆಫೀಸಿನೊಳಗೆ ಕೇಳುತ್ತದೆ, ನಾಯಿಗಳು ನುಗ್ಗುತ್ತವೆ, ಕಾರಣ ಬೇಕಾದಷ್ಟಿತ್ತು. ಅವನು ಬೇಡ ಅಂದರೂ ಹನ್ನೊಂದಕ್ಕೆ ಕತ್ತರಿ ತೆಗೆದುಕೊಂಡು ಹೋದೆ. ಹೇಳಬೇಕು ಅಂದುಕೊಂಡು ಹೇಳದೆ ಬಂದೆ. ಹೀಗೇ ನಾಲ್ಕು ದಿನ. ಅವಳು ಮೊದಲಿನಷ್ಟೇ ಮಾತಾಡುತ್ತಿದ್ದಳು, ಆದರೆ ನಗು ಸ್ವಲ್ಪ ಕಡಿಮೆಯಾಗಿತ್ತು.

ಶನಿವಾರ ಅವಳು ಬೇಲಿಯ ಬುಡದಲ್ಲಿ ಕಳೆ ಕೀಳುತ್ತಾ ಕೂತಿದ್ದಳು. ಬೇರು ಕಿತ್ತು ಬರುವ ಸದ್ದು ನನಗೆ ಕೇಳುತ್ತಿತ್ತು.

'ಬೆಳಿಗ್ಗೆಯಿಂದ ಕಳೆ ತೆಗ್ದು ತೆಗ್ದು ಮುಖದಲ್ಲಿದ್ದ ಕಳೆನೂ ಹೋಯ್ತು ನೋಡು ಮಾರಾಯ.'

'ನೋಡೋದು ಹ್ಯಾಗೆ?' ಅಂದೆ.

ಬೇರು ಕೀಳುವ ಸದ್ದು ನಿಂತಿತು. ತಮಾಷೆಗೆ ಅಂದದ್ದು ತಮಾಷೆಯಾಗಿ ಉಳಿಯಲಿಲ್ಲ.

'ಗೋಡೆ ಬರ್ತದಂತೆ,' ಅಂದಳು ಆಮೇಲೆ.

'ಹೂಂ. ಗೊತ್ತಾಯ್ತು.'

'ಎಷ್ಟು ಎತ್ತರ?'

'ಏಳಡಿ ಅಂತಿದ್ರು.'

'ತಲೆ ಯಾರ್ದು ಅಂತ ಜಗಳ ಇಲ್ಲ ಬಿಡು ಇನ್ನು.' ನಗಲು ನೋಡಿದಳು. 'ಒಂದು ಕಿಂಡಿ ಬಿಡಕ್ಕೆ ಹೇಳು ಮಾರಾಯ, ನಾಯಿಗೆ ಅಂತ.'

'ಹೇಳ್ತೀನಿ.'

'ಸೋಮವಾರ ಬರ್ತೀಯಲ್ಲ?'

'ಬರ್ದೆ ಎಲ್ಲಿಗೆ ಹೋಗ್ಲಿ ಮಾರಾಯ್ತಿ?'

ಸೋಮವಾರ ಕೇಳಿಯೇಬಿಡುವುದು ಅಂತ ತೀರ್ಮಾನ ಮಾಡಿದೆ. ಹೆಸರೇನು, ಮನೆ ಎಲ್ಲಿ, ಗೋಡೆ ಬಂದ ಮೇಲೆ ಎಲ್ಲಾದರೂ ಒಂದು ಕಡೆ ಕೂತು ಟೀ ಕುಡಿಯಬಹುದಾ. ಭಾನುವಾರವೆಲ್ಲ ಅದನ್ನೇ ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿದೆ. ಒಂದು ಸಲ ಜೋರಾಗಿಯೇ ಹೇಳಿಬಿಟ್ಟೆ ಅಂತ ಕಾಣುತ್ತದೆ, ಪಕ್ಕದ ತಮಿಳು ಅಮ್ಮ ಯಾರು ಬಂದಿದ್ದಾರೆ ಅಂತ ಇಣುಕಿದರು. ಅಂಗಿ ಒಗೆದು ಹಾಕಿದೆ. ಬೇಲಿಯ ಆಚೆಯಿಂದ ಅಂಗಿ ಕಾಣುವುದಿಲ್ಲ ಅಂತ ಗೊತ್ತಿದ್ದೂ.

ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಡುವಷ್ಟರಲ್ಲಿ ಸೂಪರ್‌ವೈಸರ್ ಫೋನು ಬಂತು. 'ಇವತ್ತು ಶಿವಮೊಗ್ಗಕ್ಕೆ ಬರ್ಬೇಡ. ಮೂವರೂ ಗಾರ್ಡನ್ ಭದ್ರಾವತಿಗೇ. ಹಳೇ ಕ್ವಾರ್ಟರ್ಸ್ ಕಡೆ ಕ್ಲೀನ್ ಮಾಡ್ಬೇಕಂತೆ, ದೊಡ್ಡ ಸಾಹೇಬ್ರು ಬರ್ತಿದಾರೆ. ನಿಂಗೆ ಮನೆ ಹತ್ರನೇ ಆಯ್ತಲ್ಲ, ಒಳ್ಳೇದಾಯ್ತು.' ಅವನು ಉಪಕಾರ ಮಾಡಿದವನ ಹಾಗೆ ಹೇಳಿದ. ಒಂದೇ ಒಂದು ದಿನ ಬಿಟ್ಟು ಬರ್ತೀನಿ ಸಾರ್ ಅಂದೆ. ಯಾಕೆ ಅಂತ ಕೇಳಿದ. ಯಾಕೆ ಅಂತ ಹೇಳಲಿ? ಬೇಲಿಗೆ ಒಂದು ಮಾತು ಹೇಳಬೇಕಿತ್ತು ಅನ್ನಲೇ? ಏನಿಲ್ಲ ಬಿಡಿ ಅಂದೆ.

ಒಂದು ವಾರ ಅಂದದ್ದು ಮೂರು ವಾರ ಆಯಿತು. ಆ ಕ್ವಾರ್ಟರ್ಸ್‌ಗಳಲ್ಲಿ ಅರ್ಧಕ್ಕರ್ಧ ಖಾಲಿ. ಎದೆಯೆತ್ತರ ಪಾರ್ಥೇನಿಯಂ, ಅದನ್ನು ಕಿತ್ತು ಮುಗಿಸುವಷ್ಟರಲ್ಲಿ ಮೈಯೆಲ್ಲ ತುರಿಕೆ. ಗಿಡಗಂಟಿ ಸರಿಸಿದ ಹಾಗೆ ಯಾರೋ ಹಿಂದೆ ನೆಟ್ಟ ಕರಿಬೇವು, ದಾಸವಾಳ, ಬಟ್ಟೆ ಒಗೆಯುವ ಕಲ್ಲು ಹೊರಗೆ ಬರುತ್ತಿತ್ತು. ಒಂದು ಗೇಟಿನಲ್ಲಿ ಹೆಸರಿನ ಹಲಗೆ ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು, ಅಕ್ಷರ ಪೂರ್ತಿ ಹೋಗಿತ್ತು. ಮೂರು ಜನ ಒಟ್ಟಿಗೇ ಕೆಲಸ ಮಾಡಿದರೂ ಆ ಇಬ್ಬರು ತಮ್ಮ ತಮ್ಮ ಫೋನಿನಲ್ಲಿ ಹಾಡು ಹಾಕಿಕೊಂಡು ಇರುತ್ತಿದ್ದರು. ಹನ್ನೊಂದು ಗಂಟೆ ಆದಾಗ ನನಗೆ ಕೈ ಓಡುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಬೇಲಿಯ ಹತ್ತಿರ ಬಂದಿರುತ್ತಾಳೆ, ಕತ್ತರಿಯ ಸದ್ದಿಲ್ಲ ಅಂತ ನೋಡುತ್ತಿರುತ್ತಾಳೆ ಅಂತ ಅನ್ನಿಸುತ್ತಿತ್ತು. ಬರ್ದೆ ಎಲ್ಲಿಗೆ ಹೋಗ್ಲಿ ಅಂದಿದ್ದೆನಲ್ಲ, ಆ ಮಾತು ನನ್ನನ್ನೇ ಕಚ್ಚುತ್ತಿತ್ತು.

ಮೂರು ವಾರ ಕಳೆದು ವಾಪಸು ಹೋದಾಗ ಗೋಡೆ ಎದ್ದಿತ್ತು. ಸಿಮೆಂಟ್ ಬ್ಲಾಕಿನ ಗೋಡೆ, ಗಾರೆ ಇನ್ನೂ ಆಗಿರಲಿಲ್ಲ. ಅದರ ಬುಡದಲ್ಲಿ ಜೆಸಿಬಿ ಹಲ್ಲಿನ ಗುರುತು, ಅಲ್ಲಲ್ಲಿ ದುರಂತದ ಬೇರು. ಕಿಂಡಿ ಇರಲಿಲ್ಲ. ಕಿಂಡಿಗೆ ಹೇಳಬೇಕಾದವನು ನಾನು ತಾನೆ. ಹನ್ನೊಂದು ಗಂಟೆಗೆ ಗೋಡೆಯ ಹತ್ತಿರ ನಿಂತು ಖಾಲಿ ಕತ್ತರಿ ಆಡಿಸಿದೆ. ಕಿರ್ರೋ, ಕಿರ್ರೋ. ಆ ಕಡೆಯಿಂದ ಏನೂ ಬರಲಿಲ್ಲ. ಕೆಮ್ಮಿದೆ. ಮಾರಾಯ್ತೀ ಅಂತ ಮೆಲ್ಲಗೆ ಕರೆದೆ. ಎರಡನೇ ದಿನವೂ ಹಾಗೇ ಮಾಡಿದೆ. ಕ್ಲೀನಿಂಗ್ ಹೆಂಗಸು ಬಂದು ಗೋಡೆ ಹತ್ರ ಎಂತ ಕತ್ತರಿಸ್ತಿದೀರಿ ಅಂತ ಕೇಳಿದಳು.

ಮೂರನೇ ದಿನ ಊಟದ ಹೊತ್ತಿಗೆ ಸುತ್ತು ಹಾಕಿ ಆ ರಸ್ತೆಗೆ ಹೋಗಿ ಮಂಟಪದ ಗೇಟು ಹೊಕ್ಕೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕಡೆಯಿಂದ ಆ ಜಾಗ ನೋಡಿದೆ. ಹುಲ್ಲು ಇರಲಿಲ್ಲ. ಕಾರು ನಿಲ್ಲಿಸಲು ಇಟ್ಟಿಗೆ ಬಣ್ಣದ ಟೈಲ್ಸ್ ಹಾಕಿದ್ದರು. ಮ್ಯಾನೇಜರು ಒಳ್ಳೆಯ ಮನುಷ್ಯ, ಕುರ್ಚಿ ತೋರಿಸಿದರು. ಗಾರ್ಡನ್ ಕೆಲಸ ಮಾಡ್ತಿದ್ದ ಒಬ್ಬರನ್ನು ನೋಡಬೇಕಿತ್ತು ಅಂದೆ.

'ಗಾರ್ಡನ್ನೇ ತೆಗೆಸಿದ್ವಲ್ಲ, ಅವ್ರನ್ನೆಲ್ಲ ಏಜೆನ್ಸಿ ಬೇರೆ ಕಡೆ ಹಾಕಿದೆ. ಮೂರು ಜನ ಹೆಂಗಸ್ರಿದ್ರು. ಹೆಸರು ಹೇಳಿ, ಈಗ್ಲೇ ಫೋನ್ ಮಾಡಿ ಕೇಳ್ತೀನಿ.'

ಹೆಸರು. 'ಹೊಸಮನೆ ಕಡೆಯವ್ರು' ಅಂದೆ.

'ಮೂವರೂ ಆ ಕಡೆಯವ್ರೇ, ಒಂದೇ ಆಟೋದಲ್ಲಿ ಬರ್ತಿದ್ರು. ಹ್ಯಾಗಿದ್ರು ನೋಡೋಕೆ? ದಪ್ಪಾನಾ, ಸಣ್ಣಾನಾ?'

ಅದೂ ಗೊತ್ತಿಲ್ಲ. ಮ್ಯಾನೇಜರು ನನ್ನನ್ನೇ ನೋಡಿದರು. ಅವರಿಗೆ ಕನಿಕರ ಬಂತೋ ಅನುಮಾನ ಬಂತೋ, 'ಹಿಂದುಗಡೆ ಪಾತ್ರೆ ತೊಳೆಯೋ ಹೆಂಗಸ್ರಿದಾರೆ, ಅವ್ರಿಗೆ ಗೊತ್ತಿರ್ಬಹುದು, ಕೇಳಿ ನೋಡಿ' ಅಂದರು.

ಹಿಂದುಗಡೆ ಐದು ಜನ ಹೆಂಗಸರು ನನಗೆ ಬೆನ್ನು ಹಾಕಿ ದೊಡ್ಡ ದೊಡ್ಡ ಪಾತ್ರೆಗಳ ಮುಂದೆ ಕೂತಿದ್ದರು. ಅವಳೂ ಇವರ ಜೊತೆ ಇದ್ದರೆ? ಏಜೆನ್ಸಿ ಹಾಕಿದ ಜಾಗ ಬಿಟ್ಟು ಇಲ್ಲೇ ಪಾತ್ರೆಗೆ ಸೇರಿದ್ದರೆ? ಹೇಗೆ ಕರೆಯಲಿ ಅಂತ ಗೊತ್ತಾಗದೆ, ನನಗೆ ಗೊತ್ತಿದ್ದ ಒಂದೇ ಹೆಸರಿನಿಂದ ಕರೆದೆ.

'ಮಾರಾಯ್ತೀ.'

ಐದೂ ಜನ ತಿರುಗಿ ನೋಡಿದರು.

ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದೆ. ಎಲ್ಲ ನನ್ನ ವಯಸ್ಸಿನವರು, ಎಲ್ಲರೂ ಅವಳಾಗಬಹುದಿತ್ತು. ಕೈ ನೋಡಿದೆ. ಎಲ್ಲರ ಕೈಯಲ್ಲೂ ಗಾಜಿನ ಬಳೆ, ಎಲ್ಲರ ಬೆರಳೂ ಬೂದಿ ನೀರಿನಲ್ಲಿ ಸುಕ್ಕುಗಟ್ಟಿದ್ದವು. 'ಯಾರು ಬೇಕಿತ್ತು?' ಅಂತ ಒಬ್ಬಳು ಕೇಳಿದಳು, ಅದು ಆ ದನಿಯಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ಯಾವ ನಗುವೂ ಅವಳದಲ್ಲ. ಬೇಲಿ ಹತ್ತಿರ ಕೆಲಸ ಮಾಡುತ್ತಿದ್ದವಳು, ಕತ್ತರಿ ಚೆನ್ನಾಗಿ ಹಾಕುತ್ತಿದ್ದಳು, ಅಂತ ಏನೇನೋ ಹೇಳಿದೆ. 'ಮೂವರೂ ಬೇಲಿ ಹತ್ರನೇ ಇರ್ತಿದ್ರು. ನಾವು ಪಾತ್ರೆಯವ್ರು, ನಮಗೇನು ಗೊತ್ತು ಮಾರಾಯ್ರೇ' ಅಂದಳು ಮೊದಲಿನವಳು. ಮ್ಯಾನೇಜರ ಹತ್ತಿರ ಮೂವರ ನಂಬರನ್ನೂ ಕೇಳಬಹುದಿತ್ತು. ಕೇಳಲಿಲ್ಲ. ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ, ಮೂರು ಹೆಂಗಸರ ನಂಬರ್ ಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು? ನಾಚಿಕೆ ನನ್ನನ್ನು ನಾಲ್ಕು ವರ್ಷ ಆಳಿತ್ತು, ಆ ದಿನವೂ ಅದೇ ಗೆದ್ದಿತು. ಆಮೇಲೆ ಒಂದು ಭಾನುವಾರ ಹೊಸಮನೆಯ ರಸ್ತೆಗಳಲ್ಲಿ ಸುಮ್ಮನೆ ಎರಡು ಸುತ್ತು ನಡೆದು, ಕಿವಿ ಮಾತ್ರ ತೆರೆದುಕೊಂಡು, ಬಸ್ಸು ಹತ್ತಿ ಬಂದೆ.

ಮರುದಿನ ಗೇಟಿನ ಹತ್ತಿರ ಟೀ ಕುಡಿಯುವಾಗ ಸೆಕ್ಯುರಿಟಿಯವನಿಗೆ ಮಂಟಪದ ಕಥೆ ಹೇಳಿದೆ. ಅವನು ಹೊಸಬ, ಬಂದು ಒಂದೂವರೆ ತಿಂಗಳಾಗಿತ್ತು. ಎದೆಯಲ್ಲಿ ಇಟ್ಟುಕೊಳ್ಳಲು ಆಗದೆ, ತಮಾಷೆಯ ಹಾಗೆ ಹೇಳಿದೆ. 'ಮಾರಾಯ್ತೀ ಅಂದೆ ನೋಡು, ಐದೂ ಜನ ತಿರುಗಿದ್ರು.' ಅವನು ನಗಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ.

'ಮಾರಾಯ ಅಂದ್ರೆ ನೀನಾ?'

ಅವನು ಲೋಟ ಕೆಳಗಿಟ್ಟು, ಬಂದು ಹೋಗುವವರ ಹೆಸರು ಬರೆಯುವ ಉದ್ದನೆಯ ಪುಸ್ತಕ ತೆಗೆದು ಹಿಂದಿನ ಪುಟಗಳನ್ನು ಮಗುಚಿದ. ನಾನು ಭದ್ರಾವತಿಯಲ್ಲಿದ್ದ ಎರಡನೇ ವಾರದ ಒಂದು ಪುಟ. ಬೆರಳಿಟ್ಟು ತೋರಿಸಿದ. ಬಂದ ಸಮಯ, ಹನ್ನೊಂದು ಐದು. ಯಾರನ್ನು ನೋಡಬೇಕು ಅನ್ನುವಲ್ಲಿ, ಮಾರಾಯ. ಕಾರಣ ಅನ್ನುವಲ್ಲಿ, ಕತ್ತರಿ ಸಾಣೆ. ಬಂದವರ ಹೆಸರು ಅನ್ನುವಲ್ಲಿ ಏನೂ ಇರಲಿಲ್ಲ.

'ಒಬ್ಳು ಬಂದಿದ್ಲು. ಮಾರಾಯ ಇದಾನಾ ಅಂದ್ಲು. ಯಾವ ಮಾರಾಯ, ಇಲ್ಲಿ ಎಲ್ರೂ ಮಾರಾಯ್ರೇ ಅಂದೆ. ಗಾರ್ಡನ್ ಅಂದ್ಲು. ಗಾರ್ಡನ್ ಮೂವರೂ ಇಲ್ಲ, ಬೇರೆ ಕಡೆ ಹಾಕಿದಾರೆ ಅಂದೆ. ವಾಪಸ್ ಬರ್ತಾರಾ ಅಂದ್ಲು. ಅವತ್ತು ನಂಗೇನು ಗೊತ್ತು, ಗೊತ್ತಿಲ್ಲ ಅಂದೆ. ಏನ್ ಕೆಲ್ಸ ಅಂತ ಕೇಳಿದ್ರೆ, ಕತ್ತರಿಗೆ ಸಾಣೆ ಹಿಡಿಸ್ಕೋ ಅಂತ ಹೇಳಿ, ಅಷ್ಟೇ ಅಂದ್ಲು. ಸಾಣೆ ಹಿಡಿಯೋಳೇನೋ ಅಂದ್ಕೊಂಡೆ ನಾನು.'

'ಹೆಸರು ಬರೆದಿಲ್ಲ.'

'ಬಂದವ್ರ ಲೆಕ್ಕಕ್ಕೆ ಅಷ್ಟು ಬರೆದೆ. ಒಳಗೆ ಬಿಡ್ಲಿಲ್ವಲ್ಲ, ಅದಕ್ಕೆ ಹೆಸರು ಬರೀಲಿಲ್ಲ.'

'ಹೇಳಿದ್ಲಾ?'

ಅವನು ಯೋಚನೆ ಮಾಡಿದ. ನಿಜವಾಗಿಯೂ ಯೋಚನೆ ಮಾಡಿದ, ಹಣೆ ಉಜ್ಜಿಕೊಂಡ. 'ಹೇಳಿದ್ಲು. ಏನೋ ಹೇಳಿದ್ಲು. ನೆನಪಾಗ್ತಿಲ್ಲ.'

'ನೋಡೋಕೆ ಹ್ಯಾಗಿದ್ಲು?'

'ಎಲ್ರ ಹಾಗೇ ಇದ್ಲು ಮಾರಾಯ.'

ನಾನು ಆ ಪುಟವನ್ನು ಇನ್ನೊಂದು ಸಲ ನೋಡಿದೆ. ಒಂಬತ್ತು ವರ್ಷದಲ್ಲಿ ಆ ಗೇಟಿಗೆ ನನ್ನನ್ನು ನೋಡಬೇಕು ಅಂತ ಬಂದದ್ದು ಅವಳೊಬ್ಬಳೇ. ಅವಳು ನನಗಿಂತ ಧೈರ್ಯದವಳು. ಸುತ್ತು ಹಾಕಿ ಮೊದಲು ಬಂದವಳು ಅವಳು, ಮೊದಲು ಹೆಸರು ಹೇಳಿದವಳೂ ಅವಳೇ. ಅದನ್ನು ಕೇಳಿಸಿಕೊಳ್ಳಲು ನಾನು ಇರಲಿಲ್ಲ. ಟೀ ಆರಿಹೋಗಿತ್ತು. ಸೆಕ್ಯುರಿಟಿಯವನು ಇನ್ನೊಂದು ಲೋಟ ಹಾಕಿಸಿಕೊಟ್ಟ. ನನಗೆ ಅಳು ಬಂತು, ಅವನು ಆ ಕಡೆ ತಿರುಗಿ ಗೇಟು ತೆಗೆಯುವ ನೆಪ ಮಾಡಿದ.

ಮುಂದಿನ ರಜೆಯ ದಿನ ಕತ್ತರಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಗಾಂಧಿ ಬಜಾರಿಗೆ ಹೋದೆ. ಸಾಣೆಯವನು ಅದರ ಬಾಯಿ ಸವರಿ ನೋಡಿ, 'ಎಷ್ಟು ವರ್ಷ ಆಯ್ತು ಮಾರಾಯ್ರೇ ಇದನ್ನ ಹಿಂಗೆ ಇಟ್ಕೊಂಡು?' ಅಂತ ಬೈದ. ಚಕ್ರ ತಿರುಗಿಸಿ ಎರಡೂ ಅಲಗಿಗೆ ಸಾಣೆ ಹಿಡಿದ, ತಿರುಪು ಬಿಗಿ ಮಾಡಿ ಎಣ್ಣೆ ಬಿಟ್ಟ. ಈಗ ಮುಂದುಗಡೆಯ ಬೇಲಿಯನ್ನು ಅದರಲ್ಲೇ ಕತ್ತರಿಸುತ್ತೇನೆ. ಚೆನ್ನಾಗಿ ಕಡಿಯುತ್ತದೆ. ಸದ್ದೇ ಬರುವುದಿಲ್ಲ.